ಏಕದಳ ಧಾನ್ಯರಹಿತ ಪಥ್ಯಕ್ಕೆ ತರಕಾರಿ ಸೂಪು

ವೈದ್ಯರ ಸಲಹೆಯಂತೆ ಗೋಧಿ, ಅಕ್ಕಿ, ರಾಗಿ ಮುಂತಾದ ಏಕದಳ ಧಾನ್ಯಗಳನ್ನು ವರ್ಜಿಸಿರುವವರು ಸೂಪನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳುವುದು ಸೂಕ್ತ. ಪೊಟ್ಟಣದ ಸೂಪುಗಳನ್ನು ಸಾಮಾನ್ಯವಾಗಿ ಮೈದಾ ಅಥವಾ ಮೆಕ್ಕೆಜೋಳದ ಹಿಟ್ಟಿನಿಂದ ಗಟ್ಟಿಗೊಳಿಸಲಾಗಿರುತ್ತದೆ.

250 ಗ್ರಾಂ ಸಿಹಿಗುಂಬಳ, 2 ಕ್ಯಾರೆಟ್, 1 ಟೊಮೆಟೊ ಹಾಗೂ 1 ಈರುಳ್ಳಿಯನ್ನು ಹೆಚ್ಚಿ, 4 ಲೋಟ ನೀರಿನಲ್ಲಿ ಮೃದುವಾಗುವವರೆಗೆ ಬೇಯಿಸತಕ್ಕದ್ದು. ಅರ್ಧ ಭಾಗವನ್ನು ಅರೆದು ಮರಳಿ ಸೇರಿಸಿದಲ್ಲಿ ಕುಂಬಳವೇ ಸೂಪನ್ನು ಗಟ್ಟಿಗೊಳಿಸುತ್ತದೆ. ಬೇಯಿಸಿದ ನೀರನ್ನು ಚೆಲ್ಲಬಾರದು. ಉಪ್ಪು, ಜೀರಿಗೆ, ಕಾಳುಮೆಣಸು ಸಾಕು.

ಒಗ್ಗರಣೆಗೆ ಇಂಗು ಬೇಕೆನಿಸುವುದು ಸಹಜ. ಆದರೆ ಮಾರುಕಟ್ಟೆಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಅಕ್ಕಿ ಹಿಟ್ಟು ಬೆರೆತಿರುತ್ತದೆ. ಸೀಲಿಯಾಕ್ ಕಾಯಿಲೆಯುಳ್ಳವರಿಗೆ ಅತ್ಯಲ್ಪ ಪ್ರಮಾಣದ ಗೋಧಿಯೂ ಕರುಳಿಗೆ ಹಾನಿಯುಂಟುಮಾಡುವುದರಿಂದ, ಡಬ್ಬಿಯ ಮೇಲಿನ ಘಟಕಾಂಶಗಳ ವಿವರವನ್ನು ಓದಿಯೇ ಬಳಸತಕ್ಕದ್ದು.