ಎಚ್‌ಎಎಲ್ ಫುಟ್‌ಬಾಲ್ ತಂಡ: ಒಂದು ವರ್ಷ ಉಳಿಯಿತು, ಮರುವರ್ಷ ಬಿತ್ತು

ತಿಪಟೂರು ಕಡೆಯವರಿಗೆ ಎಚ್‌ಎಎಲ್ ಅಂದರೆ ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ. ಇದೇ ಕಂಪನಿಯ ಬೆಂಗಳೂರಿನ ಫುಟ್‌ಬಾಲ್ ತಂಡ ಆಗ ದೇಶದ ಅತ್ಯುನ್ನತ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಎರಡು ಸೀಸನ್ ಆಡಿತ್ತು ಅನ್ನೋದು ಹೆಚ್ಚಿನವರಿಗೆ ಮರೆತೇ ಹೋಗಿದೆ.

2010ರಲ್ಲಿ ಒಎನ್‌ಜಿಸಿ ಜೊತೆಗೇ ಎರಡನೇ ದರ್ಜೆಯಿಂದ ಮೇಲೆ ಬಂತು. ಮೊದಲ ಸೀಸನ್‌ನಲ್ಲೇ ಒಎನ್‌ಜಿಸಿ ಹೊರಬಿತ್ತು, ಹಳೇ ಹುಲಿ ಜೆಸಿಟಿಯೂ ಉಳಿಯಲಿಲ್ಲ. ಎಚ್‌ಎಎಲ್ ಬಚಾವಾಯಿತು.

2011–12ರಲ್ಲಿ ಆ ಅದೃಷ್ಟ ಇರಲಿಲ್ಲ. 14 ತಂಡ, ತಲಾ 26 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಬರೀ ಡ್ರಾ ನಂಬಿಕೊಂಡರೆ ಇಲ್ಲಿ ಉಳಿಗಾಲವಿಲ್ಲ. ಗೋವಾದ ಡೆಂಪೊ ಚಾಂಪಿಯನ್ ಆಯಿತು. ಚಿರಾಗ್ ಯುನೈಟೆಡ್ ಕೇರಳ, ಎಚ್‌ಎಎಲ್ ಕೆಳಗಿಳಿದವು.

2012–13ರ ಐ-ಲೀಗ್‌ನಲ್ಲಿ ಕರ್ನಾಟಕದ ಒಂದು ತಂಡವೂ ಇರಲಿಲ್ಲ. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ, ಎರಡನೇ ದರ್ಜೆಯ ಮೆಟ್ಟಿಲು ಹತ್ತದೆ ನೇರವಾಗಿ ಪ್ರವೇಶ ಪಡೆದು ಮೊದಲ ಸೀಸನ್‌ನಲ್ಲೇ ಕಪ್ ಗೆದ್ದಿತು.