ಕೋಳಾಂಬಿಯಿಂದ ಕಾರಿನ ಪೆಟ್ಟಿಗೆಗೆ

ಮಾನಂದವಾಡಿಯ ಬೀದಿಗಳಲ್ಲಿ ವಳ್ಳಿಯೂರ್ಕಾವು ಉತ್ಸವವನ್ನು ಸಾರುತ್ತಿದ್ದ ಜೀಪಿನ ಧ್ವನಿವರ್ಧಕವನ್ನು ಮಲೆಯಾಳದಲ್ಲಿ ‘ಕೋಳಾಂಬಿ’ ಎನ್ನುತ್ತಿದ್ದರು; ಅಂದರೆ ನಮ್ಮ ಪೀಕದಾನಿ! ಈಗ ಕಾರಿನ ಹಿಂದೆ ಸಬ್‌ವೂಫರ್ ಪೆಟ್ಟಿಗೆ ಕುಳಿತಿದೆ. ಆದರೆ ಲೆಕ್ಕ ಹಳೆಯದೇ.

1827ರಲ್ಲಿ ಜರ್ಮನಿಯ ಓಮ್ ವಿದ್ಯುತ್ತಿನ ತಡೆಯ ನಿಯಮವನ್ನು ಪ್ರಕಟಿಸಿದನು. ಎ.ಸಿ. ಕರೆಂಟಿಗೆ ಒಡ್ಡುವ ತಡೆಗೆ 1886ರಲ್ಲಿ ಇಂಗ್ಲೆಂಡಿನ ಹೆವಿಸೈಡ್ ‘ಇಂಪೀಡೆನ್ಸ್’ ಎಂದು ಹೆಸರಿಟ್ಟನು.

4 ಓಮಿನ ಎರಡು ಸ್ಪೀಕರುಗಳನ್ನು ಒಂದರ ಹಿಂದೊಂದು ಜೋಡಿಸಿದರೆ 8 ಓಮ್, ಸಮಾಂತರವಾಗಿ ಜೋಡಿಸಿದರೆ 2. ನಾಲ್ಕಕ್ಕಿಂತ ಕಡಿಮೆ ತಾಳದ ಆಂಪ್ಲಿಫೈಯರಿಗೆ 2 ಕೊಟ್ಟರೆ ಕರೆಂಟು ಇಮ್ಮಡಿಯಾಗಿ, ಕಾದು ಸುಟ್ಟೀತು. ಬಾಡಿಗೆಯ ಆಂಪ್ಲಿಫೈಯರು ಹೀಗೆ ಸುಟ್ಟು ಹುಡುಗನೊಬ್ಬ ಸಾಲಕ್ಕೆ ಬಿದ್ದುದನ್ನು ಕಂಡಿದ್ದೇನೆ. ಮಕ್ಕಳೇ, ತಂತಿ ಸೇರಿಸುವ ಮೊದಲು ಎರಡರ ಬೆನ್ನ ಮೇಲಿನ ಅಂಕಿಯನ್ನೂ ಓದಿರಿ.