ಧಾರವಾಡದ ಪುರಸಭೆಯ ಪೂರ್ವವೃತ್ತಾಂತ

ಬೀದಿಯನ್ನು ಗುಡಿಸುವುದು, ದೀಪವನ್ನು ಹಚ್ಚುವುದು, ಕುಡಿಯುವ ನೀರನ್ನು ಒದಗಿಸುವುದು ಇವು ಅಲ್ಪ ಕಾರ್ಯಗಳೆಂದು ಭಕ್ತಮಹಾಶಯರು ಎಣಿಸಲಾಗದು. ಇವುಗಳನ್ನು ನಡೆಯಿಸುವ ಅಧಿಕಾರವು ಯಾರದೆಂಬುದೇ ಧಾರವಾಡದಲ್ಲಿ ಅರ್ಧಶತಮಾನದ ಪ್ರಶ್ನೆಯಾಗಿದ್ದಿತು.

೧೮೫೦ನೆಯ ಇಸವಿಯ ೨೬ನೆಯ ಕಾಯಿದೆಯು, ಊರವರು ಬಯಸಿದಲ್ಲಿ ಪುರಸಭೆಯನ್ನು ಸ್ಥಾಪಿಸಿಕೊಳ್ಳಲು ಅವಕಾಶವಿತ್ತಿತು. ಹುಬ್ಬಳ್ಳಿಯು ೧೮೫೫ರಲ್ಲಿಯೂ ಧಾರವಾಡವು ೧೮೫೬ನೆಯ ಜನವರಿ ೧ರಂದೂ ಪುರಸಭೆಯನ್ನು ಪಡೆದುವು. ಆದರೆ ಹೆಸರು ಊರಿನದು, ಅಧ್ಯಕ್ಷಪೀಠವು ಸರಕಾರದ ಅಧಿಕಾರಿಯದು. ಕರವನ್ನು ತೆರುವವರಿಗೆ ಅದರ ವೆಚ್ಚದ ವಿಷಯದಲ್ಲಿ ಮಾತು ಕಡಿಮೆ. ಚುನಾಯಿತ ಸದಸ್ಯರೂ, ಸಾಧ್ಯವಿದ್ದೆಡೆ ಸರಕಾರಿಯರಲ್ಲದ ಅಧ್ಯಕ್ಷರೂ ಇರಬೇಕೆಂದು ೧೮೮೨ರಲ್ಲಿ ಲಾರ್ಡ್ ರಿಪ್ಪನರು ನಿರ್ಣಯವನ್ನು ಹೊರಡಿಸಿದರು. ನಿರ್ಣಯವೇನೋ ಬಂದಿತು, ಪೀಠವು ಬೇಗನೆ ತೆರವಾಗಲಿಲ್ಲ. ಈ ನಡುವೆ, ಮರಾಠಿಯ ಪ್ರಾಬಲ್ಯವಿದ್ದ ಆ ನಗರದಲ್ಲಿ, ರಾ. ಹ. ದೇಶಪಾಂಡೆಯವರ ಪ್ರಯತ್ನದಿಂದ ೧೮೯೦ನೆಯ ಜುಲೈ ೨೦ರಂದು ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿ, ಊರ ಹಿರಿಯರು ಕನ್ನಡದಲ್ಲಿ ಕೂಡಿ ಆಲೋಚಿಸುವುದಕ್ಕೊಂದು ನೆಲೆಯಾಯಿತು. ಪುರಸಭೆಯ ಚರಿತ್ರೆಯನ್ನು ಬರೆಯುವವರು ಇದನ್ನು ಮರೆಯುವುದು ನಮಗೆ ಸರಿದೋರದು.

೧೯೦೭ರಲ್ಲಿ ರೊದ್ದ ಶ್ರೀನಿವಾಸರಾಯರು ಸರಕಾರಿಯರಲ್ಲದ ಮೊದಲನೆಯ ಅಧ್ಯಕ್ಷರಾದರು. ಸ್ಥಾಪನೆಯಿಂದ ಅಲ್ಲಿಗೆ ೫೧ ವರ್ಷ! ಆ ಮೇಲೆ ಧಾರವಾಡದ ಪ್ರತ್ಯೇಕ ಸಭೆಯು ಬಾಳಿದುದು ೫೫ ವರ್ಷ. ೧೯೬೨ರಲ್ಲಿ ಅದು ಹುಬ್ಬಳ್ಳಿಯ ಸಭೆಯೊಡನೆ ಕೂಡಿ ಮಹಾನಗರಪಾಲಿಕೆಯಲ್ಲಿ ಲೀನವಾಯಿತು.